ಗುರುವೇ ಊರು ಸುಟ್ಟವನೆಂದು ತಿಳಿದ ಮೇಲೆ ಕಥೆಯನ್ನು ಮತ್ತೆ ಓದುವ ಬಗೆ: ಅನುಭವ ಹಂಚಿಕೆ

ಕೋರಿಕೆ (ಬಸವನಗುಡಿಯ ಓದುಗಿಯೊಬ್ಬರಿಂದ)

ಮೂರು ವರ್ಷಗಳಿಂದ ವಾರಕ್ಕೊಂದು ಕಂತಿನಂತೆ ನಾನು ಒಂದು ಫ್ಯಾಂಟಸಿ ವೆಬ್‌ಕಾಮಿಕ್ (ಅಂತರ್ಜಾಲದಲ್ಲಿ ಬರುವ ಚಿತ್ರಕಥೆ) ಓದುತ್ತಿದ್ದೇನೆ. ಇನ್ನೂ ಅಲ್ಲಿಗೆ ತಲುಪದವರಿಗೆ ರಸಭಂಗವಾಗಬಾರದೆಂದು ಅದರ ಹೆಸರು ಹೇಳುತ್ತಿಲ್ಲ. ಕಥಾನಾಯಕಿಗೆ ಮಂತ್ರವಿದ್ಯೆ ಕಲಿಸಿದ ಗುರುವೇ ಅವಳ ಊರನ್ನು ಸುಟ್ಟವನು ಎಂಬುದು ಕಳೆದ ತಿಂಗಳ ಕಂತಿನಲ್ಲಿ ಬಯಲಾಯಿತು. ಇದರ ಮುನ್ಸೂಚನೆ ಮೊದಲೇ ಇತ್ತೇ ಎಂದು ನೋಡಲು ಮೊದಲ ಕಂತಿನಿಂದ ಮತ್ತೆ ಓದತೊಡಗಿದೆ. ಇಪ್ಪತ್ತು ಕಂತು ಮುಗಿಯುವಷ್ಟರಲ್ಲಿ ಆ ಗುರು ನಕ್ಕದ್ದು, ಕೆಮ್ಮಿದ್ದು, ಕಿಟಕಿಯತ್ತ ನೋಡಿದ್ದು ಎಲ್ಲವೂ ಸುಳಿವಿನಂತೆ ಕಾಣಲಾರಂಭಿಸಿತು. ಹೀಗೆ ಮರುಓದು ಮಾಡಿದ ಅನುಭವವಿರುವವರು ನೀವು ಅನುಸರಿಸಿದ ಕ್ರಮವನ್ನು ದಯವಿಟ್ಟು ತಿಳಿಸಿ.

ವಿಜಯನಗರದಿಂದ

ನಿಮ್ಮ ತೊಡಕು ನನಗೂ ಆದದ್ದು. ಉತ್ತರ ಗೊತ್ತಿರುವವರ ಕಣ್ಣಿಗೆ ಪುಟದ ಮೇಲಿನ ಪ್ರತಿಯೊಂದು ಗೆರೆಯೂ ಆ ಉತ್ತರವನ್ನೇ ಹೇಳುವಂತೆ ಕಾಣುತ್ತದೆ. ನನ್ನ ಮರುಓದೆಲ್ಲ ನಡೆದದ್ದು ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ಹೋಗುವ ನೇರಳೆ ಮಾರ್ಗದ ಮೆಟ್ರೋದಲ್ಲಿ, ಬೆಳಿಗ್ಗೆ ಸುಮಾರು ಒಂದು ಗಂಟೆ, ಸಂಜೆ ಸುಮಾರು ಒಂದು ಗಂಟೆ. ಓದಿದ ಕಥೆ ರಿಚ್ ಬರ್ಲ್ಯೂ ಅವರ ‘ದಿ ಆರ್ಡರ್ ಆಫ್ ದಿ ಸ್ಟಿಕ್’. ಅದರ ಒಂದೆರಡು ತಿರುವುಗಳನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿದೆ, ಆದ್ದರಿಂದ ಅದನ್ನು ಓದಬೇಕೆಂದಿರುವವರು ಮುಂದಿನ ಎರಡು ಪ್ಯಾರಾಗಳನ್ನು ಬಿಟ್ಟು ಓದಬೇಕೆಂದು ವಿನಂತಿ.

ಆ ಕಥೆಯಲ್ಲಿ ಕಣಿ ಹೇಳುವವನೊಬ್ಬನಿದ್ದಾನೆ. ಡರ್ಕನ್ ಎಂಬ ಕುಬ್ಜ ಕುಲದ ಪುರೋಹಿತನು ತಾನು ತವರಿಗೆ ಹೇಗೆ ಮರಳುತ್ತೇನೆ ಎಂದು ಅವನನ್ನು ಕೇಳುತ್ತಾನೆ. ಬಂದ ಉತ್ತರ ಒಂದೇ ಮಾತು: ‘ಮರಣಾನಂತರ’. ಡರ್ಕನ್ ಇದರಿಂದ ದುಃಖಪಡುವುದಿಲ್ಲ, ತನ್ನ ದೇಹ ಹಿರಿಯರ ನೆಲದಲ್ಲೇ ಮಣ್ಣಾಗುತ್ತದೆ ಎಂದು ಸಮಾಧಾನಪಡುತ್ತಾನೆ. ಮೊದಲ ಓದಿನಲ್ಲಿ ನಾನೂ ಅವನ ಜೊತೆಗೆ ಸಮಾಧಾನಪಟ್ಟು ಮುಂದೆ ಹೋದೆ. ವರ್ಷಗಳ ನಂತರದ ಕಂತುಗಳಲ್ಲಿ ಅವನು ಸತ್ತು, ರಕ್ತ ಹೀರುವ ವ್ಯಾಂಪೈರ್ ಆಗಿ ಎದ್ದು, ಆ ಸ್ಥಿತಿಯಲ್ಲಿ ತವರಿನ ದಾರಿ ಹಿಡಿಯುತ್ತಾನೆ. ಮಾತು ಅದೇ, ಒಂದಕ್ಷರವೂ ಬದಲಾಗಿಲ್ಲ, ಆದರೆ ಅದರ ಅರ್ಥ ಪೂರ್ತಿಯಾಗಿ ತಿರುಗಿಬಿದ್ದಿದೆ. ಅದೇ ಕಣಿಯವನ ಬಳಿ ಡರ್ಕನ್ ಇರುವ ತಂಡದ ನಾಯಕ ರಾಯ್, ಕಥೆಯಲ್ಲಿರುವ ಮಂತ್ರದ್ವಾರಗಳಲ್ಲಿ ಶತ್ರು ಯಾವುದಕ್ಕೆ ಹೋಗುತ್ತಾನೆಂದು ಕೇಳುವಾಗ ಎರಡು ದ್ವಾರಗಳ ಹೆಸರನ್ನು ಮಾತ್ರ ಹೇಳುತ್ತಾನೆ. ಶತ್ರು ಏರಿಹೋಗುವುದು ರಾಯ್ ಹೆಸರಿಸದೆ ಬಿಟ್ಟ ದ್ವಾರದ ಮೇಲೆ. ಮರುಓದಿನಲ್ಲಿ ಆ ಪುಟಕ್ಕೆ ಬಂದಾಗ ಹೊಸಹಳ್ಳಿ ನಿಲ್ದಾಣ ದಾಟಿದ್ದು ನನಗೆ ತಿಳಿಯಲೇ ಇಲ್ಲ, ಅಷ್ಟು ಹೊತ್ತು ಆ ಒಂದು ಪ್ರಶ್ನೆಯನ್ನೇ ನೋಡುತ್ತ ಕುಳಿತಿದ್ದೆ.

ಇನ್ನೊಂದು ವಿಷಯ. ಆ ಕಾಮಿಕ್ 2003ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ನಿಯಮಗಳ ಕುರಿತ ನಗೆಚಿತ್ರಗಳಾಗಿ ಶುರುವಾಯಿತು. ಅದರ ಮೊದಲ ಕಂತು, ಆ ವರ್ಷ ಆಟದ ನಿಯಮಗಳು ಪರಿಷ್ಕೃತಗೊಂಡದ್ದರ ಬಗ್ಗೆಯೇ ಇದೆ. ದೊಡ್ಡ ಕಥೆ ಬೆಳೆದದ್ದು ಆಮೇಲೆ. ಆದ್ದರಿಂದ ಮೊದಲ ಹತ್ತಿಪ್ಪತ್ತು ಕಂತುಗಳಲ್ಲಿ ಗೂಢಾರ್ಥ ಹುಡುಕುತ್ತ ನಾನು ಒಂದು ವಾರ ವ್ಯರ್ಥ ಮಾಡಿದೆ. ಮೊದಲೇ ಬಿಗಿದಿಟ್ಟ ಗಂಟು ಬೇರೆ, ಹಿಂದೆ ಎಲ್ಲೋ ಬಿಟ್ಟಿದ್ದ ಎಳೆಯನ್ನು ಲೇಖಕರು ಮುಂದೆ ಕೈಗೆತ್ತಿಕೊಂಡು ನೇಯ್ದದ್ದು ಬೇರೆ. ಎರಡನೆಯದೂ ಜಾಣತನವೇ, ಅದರಲ್ಲಿ ನನಗೆ ಸಂದೇಹವಿಲ್ಲ, ಆದರೆ ಅದನ್ನು ಮುನ್ಸೂಚನೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಕ್ರಮವನ್ನು ಕೇಳಿದ್ದೀರಿ. ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಪುಟದ ನಡುವೆ ಗೆರೆ ಎಳೆದೆ. ಎಡಕ್ಕೆ ಆ ಮಾತು ಅಥವಾ ಚಿತ್ರ ಮೊದಲ ಓದಿನಲ್ಲಿ ಏನು ಹೇಳಿತ್ತು ಎಂದು ಬರೆದೆ, ಬಲಕ್ಕೆ ಈಗ ಏನು ಹೇಳುತ್ತಿದೆ ಎಂದು ಬರೆದೆ. ಎರಡೂ ಬದಿ ತುಂಬಿದರೆ ಮಾತ್ರ ಅದನ್ನು ಸುಳಿವೆಂದು ಒಪ್ಪಿದೆ. ಡರ್ಕನ್‌ನ ಉತ್ತರಕ್ಕೆ ಎರಡೂ ಬದಿ ತಾನಾಗಿಯೇ ತುಂಬುತ್ತದೆ. ನಿಮ್ಮ ಗುರುವಿನ ಕೆಮ್ಮಿಗೆ ಎಡಬದಿಯಲ್ಲಿ ಏನು ಬರೆಯುತ್ತೀರಿ? ಏನೂ ತೋಚದಿದ್ದರೆ ಅದು ಬರಿಯ ಕೆಮ್ಮು. ನಾನು ಗುರುತು ಹಾಕಿಕೊಂಡಿದ್ದ ನಲವತ್ತಕ್ಕೂ ಹೆಚ್ಚು ಅಂಶಗಳಲ್ಲಿ ಹೀಗೆ ಸೋಸಿದ ಮೇಲೆ ಹನ್ನೊಂದು ಉಳಿದವು, ಮತ್ತು ಆ ಹನ್ನೊಂದರಲ್ಲಿ ಹೆಚ್ಚಿನವು ಚಿತ್ರಗಳಲ್ಲ, ಮಾತುಗಳು. ಕಂತುಗಳ ಶೀರ್ಷಿಕೆಗಳ ಪಟ್ಟಿಯನ್ನೂ ಒಮ್ಮೆ ಒಟ್ಟಿಗೆ ಓದಿ ನೋಡಿ. ವಾರವಾರ ಓದುವಾಗ ಶೀರ್ಷಿಕೆಯತ್ತ ಯಾರ ಗಮನವೂ ನಿಲ್ಲುವುದಿಲ್ಲ.

ಮಲ್ಲೇಶ್ವರದಿಂದ

ಮೇಲಿನವರು ಮಾತಿನ ಬಗ್ಗೆ ಹೇಳಿದ್ದಾರೆ, ನಾನು ಚಿತ್ರ ಬರೆಯುವವಳಾದ್ದರಿಂದ ಚಿತ್ರದ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ವಾರಕ್ಕೊಂದು ಕಂತು ಕೊಡಬೇಕಾದವರಿಗೆ ಸಮಯ ಬಹಳ ಕಡಿಮೆ. ಹಿನ್ನೆಲೆಯ ಕೋಣೆ, ಮರ, ಜನಸಂದಣಿಯನ್ನು ಒಮ್ಮೆ ಬರೆದು ಮತ್ತೆ ಮತ್ತೆ ಬಳಸುತ್ತೇವೆ. ಆದ್ದರಿಂದ ಒಂದೇ ಹೂದಾನಿ ಐದು ಕಂತುಗಳಲ್ಲಿ ಕಂಡರೆ ಅದಕ್ಕೆ ಅರ್ಥ ಕಟ್ಟಬೇಡಿ. ಶ್ರಮ ಹೆಚ್ಚಾಗುವ ಕಡೆ ಕಣ್ಣಿಡಿ: ಕಥೆಗೆ ಅಗತ್ಯವೇ ಇಲ್ಲದ ಜಾಗದಲ್ಲಿ ಕಲಾವಿದರು ಕೈಯನ್ನೋ ಕಣ್ಣನ್ನೋ ಹತ್ತಿರದಿಂದ, ಮಾತಿಲ್ಲದೆ, ಪೂರ್ತಿ ಒಂದು ಚೌಕಟ್ಟು ಕೊಟ್ಟು ಬರೆದಿದ್ದರೆ ಅದಕ್ಕೆ ಕಾರಣವಿರುತ್ತದೆ.

ಮೊದಲ ಓದು ಮೊಬೈಲಿನಲ್ಲಾಗಿದ್ದರೆ ಮರುಓದನ್ನು ದೊಡ್ಡ ಪರದೆಯಲ್ಲಿ ಮಾಡಿ. ಮೇಲಿನಿಂದ ಕೆಳಗೆ ಸರಿಸುತ್ತ ಓದುವ ಕಾಮಿಕ್‌ಗಳಲ್ಲಿ ಎರಡು ಚೌಕಟ್ಟುಗಳ ನಡುವಿನ ಖಾಲಿ ಜಾಗವೇ ಕಾಲ. ಬೆರಳು ವೇಗವಾಗಿ ಸರಿದರೆ ಗುರು ಉತ್ತರ ಕೊಡುವ ಮೊದಲು ತಡೆದ ಆ ಕ್ಷಣ ಕಾಣದೆಯೇ ಹೋಗುತ್ತದೆ. ಕೆಲವು ಕಾಮಿಕ್‌ಗಳಲ್ಲಿ ಚಿತ್ರದ ಮೇಲೆ ಮೌಸ್ ಇಟ್ಟಾಗ ಮಾತ್ರ ಕಾಣುವ ಒಂದು ಸಾಲು ಇರುತ್ತದೆ, ಅದು ಮೊಬೈಲಿನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಹಳೆಯ ಪುಟಗಳನ್ನು ಕಲಾವಿದರು ಆಮೇಲೆ ತಿದ್ದಿ ಬರೆದಿರುವುದೂ ಉಂಟು. ಸಂದೇಹ ಬಂದರೆ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಆ ಪುಟದ ಹಳೆಯ ರೂಪ ಉಳಿದಿದೆಯೇ ಎಂದು ನೋಡಬಹುದು. ತಿರುವಿನ ನಂತರ ಸೇರಿಸಿದ ಗೆರೆಯನ್ನು ಮುನ್ಸೂಚನೆ ಎಂದು ಮೆಚ್ಚಿಕೊಳ್ಳುವುದು ತಪ್ಪುತ್ತದೆ.

ಜಯನಗರದಿಂದ

ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಮೊಮ್ಮಗಳು ಇಂಥ ಕಾಮಿಕ್‌ಗಳನ್ನು ಓದುವಾಗ ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ನಿಮ್ಮ ಪ್ರಶ್ನೆ ಓದಿದಾಗ ರನ್ನನ ‘ಗದಾಯುದ್ಧ’ ನೆನಪಾಯಿತು. ಅಲ್ಲಿ ಕಥೆ ನಿಂತಿರುವುದು ಭಾರತ ಯುದ್ಧದ ಕೊನೆಯಲ್ಲಿ, ಆದರೂ ಹಿಂದಿನ ಭಾರತವೆಲ್ಲ ಅದರೊಳಗೆ ಬರುತ್ತದೆ. ಮುಂದೆ ನಡೆಯುವ ಸಿಂಹ ನಿಂತು ಹಿಂದಿರುಗಿ ನೋಡುವಂತೆ ಕಥೆ ಹೇಳುವ ಈ ಬಗೆಗೆ ಸಿಂಹಾವಲೋಕನ ಕ್ರಮವೆಂದು ಹೆಸರು. ದುರ್ಯೋಧನನು ರಣರಂಗದಲ್ಲಿ ನಡೆಯುತ್ತ ದ್ರೋಣ, ಅಭಿಮನ್ಯು, ದುಶ್ಶಾಸನ, ಕರ್ಣ ಇವರ ಶವಗಳೆದುರು ನಿಲ್ಲುತ್ತಾನೆ. ಒಬ್ಬೊಬ್ಬರ ಎದುರೂ ಅವರಿಗೆ ಸೇರಿದ ಹಿಂದಿನದು ಮಾತ್ರ ಎದ್ದು ಬರುತ್ತದೆ.

ನೀವು ಮೊದಲ ಕಂತಿನಿಂದ ಹೊರಟದ್ದೇ ತೊಡಕಿಗೆ ಕಾರಣವಿರಬಹುದೆಂದು ನನಗೆ ಅನ್ನಿಸುತ್ತದೆ. ರನ್ನನಂತೆ ಕೊನೆಯಲ್ಲಿ ನಿಂತು ಹಿಂದಕ್ಕೆ ನಡೆಯಿರಿ. ಬಯಲಾದ ಕಂತಿನಿಂದ ಶುರುಮಾಡಿ, ಗುರು ಬಂದ ಅದರ ಹಿಂದಿನ ದೃಶ್ಯ, ಅದಕ್ಕೂ ಹಿಂದಿನದು, ಹೀಗೆ ಅವನ ದೃಶ್ಯಗಳನ್ನು ಮಾತ್ರ ಓದುತ್ತ ಹೋಗಿ, ಆಮೇಲೆ ನಾಯಕಿಯ ದೃಶ್ಯಗಳನ್ನು ತೆಗೆದುಕೊಳ್ಳಿ. ಕಥೆಯ ಓಟ ಕೈಬಿಟ್ಟಾಗ ಒಬ್ಬನ ನಡತೆ ಮಾತ್ರ ಎದುರಿಗೆ ಉಳಿಯುತ್ತದೆ. ಇದನ್ನು ಮುಗಿಸಿದ ಮೇಲೆ ಒಮ್ಮೆ ಮೊದಲಿನಿಂದ ಕೊನೆಯವರೆಗೆ, ನೋಟ್‌ಬುಕ್ ಮುಚ್ಚಿಟ್ಟು ಓದಿ. ಮುಂದಾಗುವುದು ಗೊತ್ತಿದ್ದೂ ಗಮಕಿಗಳ ಬಾಯಲ್ಲಿ ಕುಮಾರವ್ಯಾಸನನ್ನು ಕೇಳಿ ಕಣ್ಣೀರು ಹಾಕಿದ ಜನ ನಾವು, ಕಥೆ ಗೊತ್ತಾಯಿತೆಂದು ರಸ ಹೋಗುವುದಿಲ್ಲ.

ಬಸವನಗುಡಿಯಿಂದ, ಹತ್ತು ದಿನಗಳ ನಂತರ

ಮೂವರಿಗೂ ಮನಸಾರೆ ವಂದನೆಗಳು. ಜಯನಗರದ ಹಿರಿಯರು ಹೇಳಿದಂತೆ ಹಿಂದಕ್ಕೆ ಓದಿದೆ, ವಿಜಯನಗರದವರು ಹೇಳಿದಂತೆ ಗೆರೆ ಎಳೆದು ಬರೆದೆ. ಕೆಮ್ಮು, ಕಿಟಕಿ, ನಗು ಎಲ್ಲವೂ ಬಿದ್ದುಹೋದವು. ಉಳಿದದ್ದು ಎರಡು. ಗುರು ನಾಯಕಿಗೆ ಬೆಂಕಿ ಹೊತ್ತಿಸುವ ಏಳು ಬಗೆಗಳನ್ನು ಕಲಿಸುತ್ತಾನೆ, ಆರಿಸುವುದನ್ನು ಕಲಿಸೆಂದು ಅವಳು ಎರಡು ಸಲ ಕೇಳಿದರೂ ‘ಅದಕ್ಕಿನ್ನೂ ಕಾಲ ಬಂದಿಲ್ಲ’ ಎನ್ನುತ್ತಾನೆ. ಆಗ ಅದು ಗುರುವಿನ ಗಾಂಭೀರ್ಯದಂತೆ ಕಂಡಿತ್ತು. ಎರಡನೆಯದು ಮೂವತ್ತೊಂದನೆಯ ಕಂತಿನಲ್ಲಿದೆ. ಬಾಯಾರಿದ ಅವಳನ್ನು ಸಮಾಧಾನಪಡಿಸುತ್ತ ಅವನು ‘ನಿಮ್ಮೂರ ಬಾವಿಯ ನೀರು ಸಿಹಿಯಿತ್ತಲ್ಲವೇ’ ಎಂದು ಕೇಳುತ್ತಾನೆ. ಅಲ್ಲಿಯವರೆಗಿನ ಕಂತುಗಳನ್ನೆಲ್ಲ ನಿಧಾನವಾಗಿ, ಲ್ಯಾಪ್‌ಟಾಪ್‌ನಲ್ಲಿ, ಎರಡು ಸಲ ನೋಡಿದೆ. ಬಾವಿಯ ವಿಷಯವನ್ನು ಅವಳು ಅವನಿಗೆ ಎಲ್ಲಿಯೂ ಹೇಳಿಲ್ಲ.