ಸಹಾಯ ಬೇಕು: ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುವ ಡೆಸ್ಕ್‌ಟಾಪ್

ಗದಗ-ಬೆಟಗೇರಿಯ ನಮ್ಮ ಮನೆಯಲ್ಲಿ ಕಳೆದ ವಾರ ಗುಡುಗು-ಮಳೆಯ ಸಂಜೆ ಮೂರು ಸಲ ಕರೆಂಟ್ ಹೋಗಿ ಬಂದ ಮೇಲೆ ಡೆಸ್ಕ್‌ಟಾಪ್ ಕಂಪ್ಯೂಟರ್ ಆನ್ ಆಗುತ್ತಿಲ್ಲ. ಬಟನ್ ಒತ್ತಿದೊಡನೆ ಸಿಪಿಯು ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ. ಬೀಪ್ ಶಬ್ದವಿಲ್ಲ, ಆದರೆ ಮದರ್‌ಬೋರ್ಡಿನ ಹಸಿರು ದೀಪ ಉರಿಯುತ್ತಿರುವುದರಿಂದ 5 ವೋಲ್ಟ್ ಸ್ಟ್ಯಾಂಡ್‌ಬೈ ವಿದ್ಯುತ್ (ಕಂಪ್ಯೂಟರ್ ಆಫ್ ಇದ್ದಾಗಲೂ ಇರುವ ವಿದ್ಯುತ್) ಬರುತ್ತಿದೆ ಎಂದು ತಿಳಿದಿದ್ದೇನೆ.

ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಬೋರ್ಡಿನಿಂದ ಕಳಚಿ, ಅದನ್ನಷ್ಟೇ ಪರೀಕ್ಷಿಸಲು 24 ಪಿನ್ ಕನೆಕ್ಟರಿನ ಹಸಿರು ಮತ್ತು ಕಪ್ಪು ತಂತಿಗಳನ್ನು ಜೋಡಿಸಿ ನೋಡಿದಾಗ ಅದರ ಫ್ಯಾನ್ ಓಡಿತು, ಹಳದಿ ತಂತಿಯಲ್ಲಿ ಮಲ್ಟಿಮೀಟರ್ 11.9 ವೋಲ್ಟ್ ತೋರಿಸಿತು. ಲೋಡ್ ಇಲ್ಲದ ಈ ಅಳತೆಯನ್ನು ಪೂರ್ತಿ ನಂಬಲಾಗದು. ಹಾರ್ಡ್ ಡಿಸ್ಕ್ ತೆಗೆದು ಒಂದೇ ರ್‍ಯಾಮ್ ಇಟ್ಟರೂ ಬದಲಾವಣೆಯಿಲ್ಲ. ಆದರೆ ಸಿಪಿಯುಗೆ ಹೋಗುವ 8 ಪಿನ್ ಕೇಬಲ್ ತೆಗೆದರೆ ಫ್ಯಾನ್ ನಿಲ್ಲದೆ ತಿರುಗುತ್ತದೆ. ಬೋರ್ಡಿನಲ್ಲಿ ಸಿಪಿಯು ಸಾಕೆಟ್ ಪಕ್ಕದ ಒಂದು ಕೆಪಾಸಿಟರಿನ ನೆತ್ತಿ ಉಬ್ಬಿ, ಬುಡದಲ್ಲಿ ಕಂದು ಕಲೆ ಕಾಣುತ್ತಿದೆ.

ಸಿಪಿಯುಗೆ ವಿದ್ಯುತ್ ಕೊಡುವ ಭಾಗದಲ್ಲೇ ಶಾರ್ಟ್ ಆಗಿದೆಯೇ, ಅಥವಾ ಎಸ್‌ಎಂಪಿಎಸ್ ಲೋಡ್ ತಡೆಯುತ್ತಿಲ್ಲವೇ? ಬೇರೆ ಎಸ್‌ಎಂಪಿಎಸ್ ಜೋಡಿಸಿ ನೋಡಿದರೆ ಅದಕ್ಕೂ ಅಪಾಯವಿದೆಯೇ? ಅಂಗಡಿಯವರು ಬಿಚ್ಚಿ ನೋಡದೆಯೇ ಹೊಸ ಬೋರ್ಡ್ ಹಾಕಿಸಿ ಎಂದದ್ದು ನನಗೆ ಒಪ್ಪಿಗೆಯಾಗಿಲ್ಲ. ಗದಗ ಅಥವಾ ಹುಬ್ಬಳ್ಳಿಯಲ್ಲಿ ಬೋರ್ಡಿನ ಕೆಪಾಸಿಟರ್, ಮಾಸ್ಫೆಟ್ (ವಿದ್ಯುತ್ ನಿಯಂತ್ರಿಸುವ ಟ್ರಾನ್ಸಿಸ್ಟರ್) ಬದಲಿಸಿ ಅನುಭವವಿರುವವರು ದಯವಿಟ್ಟು ತಿಳಿಸಿ. ಕಂಪ್ಯೂಟರನ್ನು ನಾನೇ ಹೊತ್ತು ತರುತ್ತೇನೆ.