ಪದಚರ್ಚೆ: ಮೀನಿನ ತೊಟ್ಟಿ ‘ಸೈಕಲ್ ಆಯ್ತು’ ಅನ್ನುವುದಕ್ಕೆ ‘ಪಳಗಿತು’ ಅನ್ನಬಹುದೇ?

ಗೆಳೆಯರೇ,

ಮನೆಯಲ್ಲಿ ಕಡಲ ಮೀನು ಸಾಕುವವರು ಇಬ್ಬರು ಸೇರಿದರೆ ‘ನಿಮ್ಮ ಟ್ಯಾಂಕ್ ಸೈಕಲ್ ಆಯ್ತಾ?’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಹೊಸಬರಿಗೆಂದು ಕನ್ನಡದಲ್ಲಿ ನಾಲ್ಕು ಪುಟದ ಕೈಪಿಡಿ ಬರೆಯಲು ಕೂತಿದ್ದೇನೆ. ಮೊದಲ ಪುಟದಲ್ಲೇ ಈ ‘ಸೈಕಲ್’ ಅಡ್ಡ ನಿಂತಿದೆ.

ವಿಷಯ ಇಷ್ಟು. ಮೀನಿನ ಹೇಲು, ತಿನ್ನದೆ ಬಿಟ್ಟ ಮೇವು ಕೊಳೆತು ಅಮೋನಿಯಾ ಆಗುತ್ತದೆ. ಮೀನಿಗೆ ಅದು ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದನ್ನು ಮೀನು ಒಂದು ಮಟ್ಟಿಗೆ ತಡೆದುಕೊಳ್ಳುತ್ತದೆ, ಆಗಾಗ ಸ್ವಲ್ಪ ನೀರು ಬದಲಿಸಿದರೆ ಸಾಕು. ಹೊಸ ತೊಟ್ಟಿಯಲ್ಲಿ ಈ ಎರಡೂ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಆ ಕಾಯುವಿಕೆಯೇ ‘ಸೈಕಲ್’.

ಪಠ್ಯಪುಸ್ತಕದಲ್ಲಿ ‘ಸಾರಜನಕ ಚಕ್ರ’ ಇದೆ. ಆದರೆ ‘ತೊಟ್ಟಿಯ ಸಾರಜನಕ ಚಕ್ರ ಪೂರ್ಣಗೊಂಡಿತು’ ಎಂದು ಬರೆದರೆ ಐದು ಅಂಕದ ಉತ್ತರದ ಹಾಗೆ ಕೇಳುತ್ತದೆ. ಅಲ್ಲದೆ ಚಕ್ರ ಅಂದಮೇಲೆ ತಿರುಗುತ್ತಲೇ ಇರಬೇಕಲ್ಲ, ಪೂರ್ಣವಾಗುವುದು ಎಲ್ಲಿಂದ ಬಂತು?

ಪದ ಸಿಕ್ಕಿದ್ದು ಅಮ್ಮನಿಂದ. ನನ್ನದು ನೂರು ಲೀಟರಿನ ತೊಟ್ಟಿ. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಮೂರೂವರೆ ಕಿಲೋ ಕಡಲುಪ್ಪಿನ ಮಿಶ್ರಣ ಕದಡಿ, ಕಲ್ಲು ಜೋಡಿಸಿ, ಪಂಪು ಹಾಕಿ ಬಿಟ್ಟಿದ್ದೆ. ತೀರ್ಥಹಳ್ಳಿಯಿಂದ ಬಂದ ಅಮ್ಮ ಎರಡು ವಾರ ನೋಡಿದರು. ‘ಎಂತದೋ ಇದು, ಮೀನೇ ಇಲ್ಲದ ನೀರಿಗೆ ಕರೆಂಟು ಬಿಲ್ಲು!’ ಅಂದರು. ಕೂತು ವಿವರಿಸಿದೆ. ‘ಹಾಗನ್ನು ಮತ್ತೆ. ಹೊಸ ಕಾವಲಿ ಪಳಗಿಸಿದ ಹಾಗೆ’ ಅಂತ ಎದ್ದು ಹೋದರು.

ಯೋಚಿಸಿದಷ್ಟೂ ಸರಿ ಅನ್ನಿಸುತ್ತಿದೆ. ಪಳಗುವುದು ಕಾವಲಿಯ ಕಬ್ಬಿಣ, ಮೇಲೆ ಸವರಿದ ಎಣ್ಣೆಯಲ್ಲ. ಇಲ್ಲಿಯೂ ಬ್ಯಾಕ್ಟೀರಿಯಾ ಹೆಚ್ಚಾಗಿ ಅಂಟಿಕೊಂಡಿರುವುದು ಕಲ್ಲಿಗೆ, ಮರಳಿಗೆ, ಫಿಲ್ಟರಿನ ಸ್ಪಂಜಿಗೆ, ನೀರಿನಲ್ಲಿ ಕಡಿಮೆ. ಹಾಗಾಗಿ ‘ನೀರು ಪಳಗಿತು’ ತಪ್ಪು, ‘ತೊಟ್ಟಿ ಪಳಗಿತು’ ಸರಿ. ಪಳಗಿದ ಕಾವಲಿಯನ್ನು ಸೋಪು ಹಾಕಿ ಉಜ್ಜಿದರೆ ದೋಸೆ ಏಳುವುದಿಲ್ಲ. ಪಳಗಿದ ಸ್ಪಂಜನ್ನು ಕ್ಲೋರಿನ್ ಇರುವ ನಲ್ಲಿ ನೀರಲ್ಲಿ ತೊಳೆದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಮತ್ತೆ ಮೊದಲಿಂದ ಶುರು. ಅಡುಗೆಮನೆ ಗೊತ್ತಿದ್ದವರಿಗೆ ಎರಡನೇ ಸಲ ಹೇಳಬೇಕಾಗಿಲ್ಲ.

ಒಬ್ಬ ಸ್ನೇಹಿತರ ಆಕ್ಷೇಪ: ‘ಪಳಗಿಸು’ ಅಂದರೆ ಆನೆ ನೆನಪಾಗುತ್ತದೆ, ಓದುಗ ಮೀನನ್ನೇ ಪಳಗಿಸಬೇಕು ಅಂದುಕೊಂಡಾನು. ಅದಕ್ಕೆ ನನ್ನ ಉತ್ತರ ‘ಒಗ್ಗು’. ತಂದ ಮೀನಿನ ಚೀಲಕ್ಕೆ ತೊಟ್ಟಿಯ ನೀರನ್ನು ಸಣ್ಣ ಕೊಳವೆಯಲ್ಲಿ ತೊಟ್ಟು ತೊಟ್ಟಾಗಿ ಬಿಡುತ್ತೇವಲ್ಲ, ಅದು ಮೀನನ್ನು ಒಗ್ಗಿಸುವುದು. ಊರ ನೀರು ಒಗ್ಗಲಿಲ್ಲ ಅನ್ನುವ ಅದೇ ಒಗ್ಗು. ತೊಟ್ಟಿ ಪಳಗಬೇಕು, ಮೀನು ಒಗ್ಗಬೇಕು.

ಇನ್ನೊಂದು ಪದ ತಾನಾಗಿಯೇ ಬಂತು. ಬ್ಯಾಕ್ಟೀರಿಯಾ ಮೊದಲೇ ಅಂಟಿಕೊಂಡಿರುವ ಹವಳದ ಕಲ್ಲನ್ನು ಕಡಲಿನಿಂದ ಎತ್ತುವ ಹಾಗಿಲ್ಲ. ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ನಾನು ಹಾಕಿದ್ದು ಒಣಗಿದ ಕೃತಕ ಕಲ್ಲು, ಅದರಲ್ಲಿ ಬ್ಯಾಕ್ಟೀರಿಯಾ ಎಲ್ಲಿಂದ ಬರಬೇಕು? ಸ್ನೇಹಿತರ ಹಳೆಯ ತೊಟ್ಟಿಯಿಂದ ಅಂಗೈಯಗಲದ ಸ್ಪಂಜು ತಂದು ಹಾಕಿದೆ. ಇದು ಹೆಪ್ಪು ಹಾಕಿದ್ದೇ ತಾನೆ? ಕೈಪಿಡಿಯಲ್ಲಿ ‘ಹೆಪ್ಪು’ ಎಂದೇ ಬರೆದಿದ್ದೇನೆ. ಐದನೇ ವಾರ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದವು. ಆಮೇಲೆಯೇ ಒಂದು ಜೋಡಿ ಕೋಡಂಗಿ ಮೀನು ತಂದದ್ದು, ಸಾಕಣೆಯಲ್ಲಿ ಹುಟ್ಟಿದ ಮರಿಗಳು. (ಅಂಗಡಿಯಲ್ಲಿ ‘ಕ್ಲೌನ್’. ಯಕ್ಷಗಾನದವರು ಕೋಡಂಗಿಯೇ ಬೇರೆ, ಹಾಸ್ಯಗಾರನೇ ಬೇರೆ ಎಂದು ಜಗಳಕ್ಕೆ ಬರಬಹುದು, ಬರಲಿ.)

ನನ್ನನ್ನು ಕೆಡಿಸಿದ ಪದ ಮಾತ್ರ ‘ಉಪ್ಪುನೀರು’. ಒಂದು ವಾರ ಊರಲ್ಲಿರಲಿಲ್ಲ. ‘ಉಪ್ಪುನೀರಿನ ತೊಟ್ಟಿ. ನೀರು ಗೆರೆಗಿಂತ ಇಳಿದರೆ ತುಂಬಿಸು’ ಎಂದು ಚೀಟಿ ಅಂಟಿಸಿ ಹೋಗಿದ್ದೆ. ಬೆಂಗಳೂರಿನ ನಮ್ಮ ಅಡುಗೆಮನೆಯಲ್ಲಿ ಎರಡು ನಲ್ಲಿ: ಕಾವೇರಿಯದು ಸಿಹಿನೀರು, ಬೋರಿನದು ಉಪ್ಪುನೀರು. ಅಮ್ಮ ಶ್ರದ್ಧೆಯಿಂದ ದಿನಾ ಬೋರಿನ ನೀರು ತುಂಬಿಸಿದರು. ಆರಿಹೋಗುವುದು ಬರೀ ನೀರು, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ನೂರು ಲೀಟರಲ್ಲಿ ಐದು ಆರಿದರೆ 35 ಗ್ರಾಂ ಇದ್ದದ್ದು 37ರ ಹತ್ತಿರ ಹೋಗುತ್ತದೆ. ಅದಕ್ಕೆ ಹಾಕಬೇಕಾದ್ದು ಉಪ್ಪಿನಂಶವನ್ನು ಬಹುಪಾಲು ಸೋಸಿ ತೆಗೆದ ಆರ್‌ಒ ನೀರು. ಮೀನುಗಳೇನೋ ಉಳಿದವು, ಕಲ್ಲಿನ ಮೇಲೆಲ್ಲ ಹಸಿರು ಪಾಚಿ. ಈಗ ಚೀಟಿಯಲ್ಲಿ ‘ಕಡಲನೀರಿನ ತೊಟ್ಟಿ, ಹಾಕುವುದು ಆರ್‌ಒ ನೀರು ಮಾತ್ರ’ ಎಂದಿದೆ. ಕೈಪಿಡಿಯಲ್ಲೂ ‘ಉಪ್ಪುನೀರು’ ಹೊಡೆದುಹಾಕಿ ‘ಕಡಲನೀರು’ ಮಾಡಿದ್ದೇನೆ.

ಬಲ್ಲವರಲ್ಲಿ ಎರಡು ಪ್ರಶ್ನೆ. ತಮಿಳಿನ ‘ಪೞಗು’, ನಮ್ಮ ‘ಪಳಗು’ ಒಂದೇ ಬೇರಿನವು. ‘ಪೞೆಯ’ ಹೋಗಿ ‘ಹಳೆಯ’ ಆದಾಗ ಇದರ ‘ಪ’ಕಾರ ಮಾತ್ರ ಉಳಿದುಕೊಂಡದ್ದು ಹೇಗೆ? ಇನ್ನು, ಧಾರವಾಡ, ವಿಜಯಪುರದ ಕಡೆಯವರು ಹೊಸ ರೊಟ್ಟಿ ಹಂಚನ್ನು ಬಳಕೆಗೆ ತರುವಾಗ ‘ಪಳಗಿಸು’ ಅನ್ನುತ್ತೀರೋ, ಬೇರೆ ಮಾತಿದೆಯೋ? ಇದ್ದರೆ ಅದನ್ನೂ ಕೈಪಿಡಿಗೆ ಸೇರಿಸುತ್ತೇನೆ.