ಅಣುವಿನಲ್ಲಿ ಇಲ್ಲದ ಸಿಹಿ ಎಲ್ಲಿಂದ ಬರುತ್ತದೆ?

ಕುತೂಹಲಿ (ಪ್ರಶ್ನೆ):
ಸಕ್ಕರೆಯ ಅಣು ಎಂದರೆ ಇಂಗಾಲ, ಜಲಜನಕ, ಆಮ್ಲಜನಕಗಳ ಒಂದು ಜೋಡಣೆ ಮಾತ್ರ. ಸಿಹಿ ಎಂಬುದು ಅದರೊಳಗೆ ಎಲ್ಲಿಯೂ ಇಲ್ಲ. ನರಕೋಶಗಳು ಮಿದುಳಿಗೆ ಕಳುಹಿಸುವುದು ಕೂಡ ಒಂದೇ ಬಗೆಯ ವಿದ್ಯುತ್ ಮಿಡಿತಗಳನ್ನು ಎಂದು ಓದಿದ್ದೇನೆ. ಹಾಗಿದ್ದರೆ ಒಂದು ರಾಸಾಯನಿಕದತ್ತ ಸರಿಯಬೇಕು, ಇನ್ನೊಂದರಿಂದ ದೂರ ಹೋಗಬೇಕು ಎಂಬುದು ತೀರ್ಮಾನವಾಗುವುದು ಎಲ್ಲಿ: ಅಣುವನ್ನು ಹಿಡಿಯುವ ಗ್ರಾಹಕದಲ್ಲಿಯೋ, ಆ ಗ್ರಾಹಕವಿರುವ ನರಕೋಶದಲ್ಲಿಯೋ, ಮಿದುಳಿನಲ್ಲಿಯೋ? ನಾನು ಜೀವಶಾಸ್ತ್ರ ಓದಿದವನಲ್ಲ. ಆದರೂ ವಿವರಗಳನ್ನು ಬಿಡದೆ ತಿಳಿಸಿದರೆ ಉಪಕಾರವಾಗುತ್ತದೆ.

ಹುಳುಪ್ರಿಯ:
ನಿಮ್ಮ ಪ್ರಶ್ನೆಯನ್ನೇ ಪರೀಕ್ಷೆಗೆ ಒಡ್ಡಿದ ಒಂದು ಪ್ರಯೋಗ 1997ರಲ್ಲಿ ಪ್ರಕಟವಾಗಿದೆ. ಸಿ. ಎಲಿಗನ್ಸ್ ಎಂಬ, ಸುಮಾರು ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿಗೆ ಇರುವುದು ಕೇವಲ 302 ನರಕೋಶಗಳು. ಡೈಅಸಿಟೈಲ್ ಎಂಬ ರಾಸಾಯನಿಕದ ವಾಸನೆ ಬಂದರೆ ಅದು ಆ ಕಡೆಗೆ ತೆವಳುತ್ತದೆ. ಏಕೆಂದರೆ ಆ ಅಣುವನ್ನು ಹಿಡಿಯುವ ಓಡಿಆರ್-10 ಎಂಬ ಗ್ರಾಹಕವು ಎಡಬ್ಲ್ಯೂಎ ಎಂಬ ಜೋಡಿ ನರಕೋಶಗಳಲ್ಲಿದೆ, ಮತ್ತು ಆ ಜೋಡಿ ಎಚ್ಚೆತ್ತರೆ ಹುಳು ಮುಂದಕ್ಕೆ ಹೋಗುತ್ತದೆ. ನರವಿಜ್ಞಾನಿ ಕೋರಿ ಬಾರ್ಗ್‌ಮನ್ ಅವರ ತಂಡವು ಈ ಗ್ರಾಹಕ ಕೆಲಸ ಮಾಡದ ಹುಳುಗಳನ್ನು ಆರಿಸಿಕೊಂಡು, ಕೆಟ್ಟ ವಾಸನೆಗಳಿಂದ ಹಿಮ್ಮೆಟ್ಟಿಸುವ ಎಡಬ್ಲ್ಯೂಬಿ ಎಂಬ ಬೇರೊಂದು ಜೋಡಿಯಲ್ಲಿ ಅದನ್ನು ಇರಿಸಿತು. ಅಣು ಅದೇ, ಗ್ರಾಹಕ ಅದೇ; ಹುಳು ಮಾತ್ರ ಡೈಅಸಿಟೈಲ್‌ನಿಂದ ದೂರ ಸರಿಯಿತು.

ಇದು ಹುಳುವಿಗಷ್ಟೇ ಸೀಮಿತವಾದ ವಿಚಿತ್ರವಲ್ಲ. ಇಲಿಯ ನಾಲಿಗೆಯಲ್ಲಿ ಸಿಹಿಯನ್ನು ಗುರುತಿಸುವ ಕೋಶಗಳಲ್ಲಿ ಕಹಿಯ ಗ್ರಾಹಕವೊಂದನ್ನು ಇರಿಸಿದಾಗ, ಆ ಇಲಿಗಳು ಕಹಿ ಪದಾರ್ಥವನ್ನು ಆಸೆಯಿಂದ ಕುಡಿದವು. ಆದ್ದರಿಂದ ಗ್ರಾಹಕವು ಬೀಗದಂತೆ. ಯಾವ ಕೀಲಿ ಹೊಂದುತ್ತದೆ ಎಂಬುದನ್ನಷ್ಟೇ ಅದು ನಿಶ್ಚಯಿಸುತ್ತದೆ. ಬಾಗಿಲು ಯಾವ ಕೋಣೆಗೆ ತೆರೆಯುತ್ತದೆ ಎಂಬುದು ಆ ಕೋಶ ಎಲ್ಲಿಗೆ ಸಂಪರ್ಕ ಪಡೆದಿದೆ ಎಂಬುದರ ಮೇಲೆ ನಿಂತಿದೆ.

ನರತಂತು:
ಮೇಲಿನ ಉತ್ತರ ರುಚಿಯ ಮಟ್ಟಿಗೆ ಬಹುಪಾಲು ಸರಿ, ಆದರೆ ಸಸ್ತನಿಗಳ ವಾಸನೆಗೆ ಅದನ್ನು ಹಾಗೆಯೇ ಅನ್ವಯಿಸಲಾಗದು. ಮೂಗಿನ ಮೇಲ್ಭಾಗದ ಲೋಳೆಯಲ್ಲಿ ಕರಗಿದ ಅಣುವು ಘ್ರಾಣ ನರಕೋಶದ ಸೂಕ್ಷ್ಮ ಕೂದಲುಗಳ ಮೇಲಿನ ಗ್ರಾಹಕಕ್ಕೆ ಅಂಟಿಕೊಂಡಾಗ, ಕೋಶದ ಒಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಹೆಚ್ಚುತ್ತದೆ. ಅದು ಪೊರೆಯಲ್ಲಿರುವ ಅಯಾನು ದ್ವಾರಗಳನ್ನು ತೆರೆಯುತ್ತದೆ. ಸೋಡಿಯಂ ಮತ್ತು ಕ್ಯಾಲ್ಸಿಯಂ ಒಳನುಗ್ಗುತ್ತವೆ. ಆ ಕ್ಯಾಲ್ಸಿಯಂ ಕ್ಲೋರೈಡ್ ದ್ವಾರಗಳನ್ನು ತೆರೆಸಿ, ಹೊರಹೋಗುವ ಕ್ಲೋರೈಡ್‌ನಿಂದ ಸಂಕೇತವನ್ನು ಇನ್ನಷ್ಟು ಬಲಪಡಿಸುತ್ತದೆ. ಈ ಗ್ರಾಹಕಗಳ ದೊಡ್ಡ ವಂಶವಾಹಿ ಕುಟುಂಬವನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಗುರುತಿಸಿದರು. 2004ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು.

ಮನುಷ್ಯರಲ್ಲಿ ಕೆಲಸ ಮಾಡುವ ಇಂತಹ ಗ್ರಾಹಕಗಳು ಸುಮಾರು 400 ಬಗೆಯವು, ಮತ್ತು ಸಾಮಾನ್ಯವಾಗಿ ಒಂದು ನರಕೋಶಕ್ಕೆ ಒಂದೇ ಬಗೆ. ಒಂದು ಅಣು ಹಲವು ಗ್ರಾಹಕಗಳನ್ನು ತಟ್ಟುತ್ತದೆ, ಒಂದು ಗ್ರಾಹಕ ಹಲವು ಅಣುಗಳಿಗೆ ಓಗೊಡುತ್ತದೆ. ಅಕ್ಷರಗಳು ಕೆಲವೇ ಇದ್ದರೂ ಪದಗಳು ಲೆಕ್ಕವಿಲ್ಲದಷ್ಟು ಆಗುವಂತೆ, ಯಾವ ಯಾವ ಕೋಶಗಳು ಒಟ್ಟಿಗೆ ಮಿಡಿದವು ಎಂಬ ವಿನ್ಯಾಸವೇ ಆ ವಾಸನೆಯ ಗುರುತು. ಕಹಿಯ ವ್ಯವಸ್ಥೆ ಇದಕ್ಕೆ ತದ್ವಿರುದ್ಧ: ನಮಗಿರುವ ಸುಮಾರು 25 ಬಗೆಯ ಕಹಿ ಗ್ರಾಹಕಗಳಲ್ಲಿ ಅನೇಕವು ಒಂದೇ ಕೋಶದಲ್ಲಿ ಜೊತೆಗಿರುತ್ತವೆ. ಇದನ್ನು ಕೊರತೆಯೆಂದು ನಾನು ಎಣಿಸುವುದಿಲ್ಲ. ವಿಷ ಯಾವುದೇ ಆಗಿರಲಿ, ಮಾಡಬೇಕಾದದ್ದು ಉಗುಳುವುದೊಂದೇ ಆಗಿರುವಾಗ ವಿಷಗಳನ್ನು ಬೇರೆ ಬೇರೆಯಾಗಿ ಹೆಸರಿಸಿ ಫಲವೇನು?

ಆದರೂ ವಾಸನೆಯಲ್ಲಿಯೂ ಹುಟ್ಟಿನಿಂದಲೇ ಬಂದ ನೇರ ದಾರಿಗಳಿವೆ. ಮೊದಲ ಮಳೆಗೆ ನೆನೆದ ಮಣ್ಣಿನ ವಾಸನೆಗೆ ಮುಖ್ಯ ಕಾರಣವಾದ, ಸ್ಟ್ರೆಪ್ಟೊಮೈಸಿಸ್‌ನಂತಹ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಅಣುವಿಗಾಗಿಯೇ ಹಣ್ಣುನೊಣದಲ್ಲಿ ಮೀಸಲಾದ ಒಂದು ಗ್ರಾಹಕವೂ ನರಮಾರ್ಗವೂ ಇವೆ. ನಮಗೆ ಹಿತವೆನಿಸುವ ಆ ವಾಸನೆ ನೊಣಕ್ಕೆ ಹಾನಿಕರ ಸೂಕ್ಷ್ಮಜೀವಿಗಳ ಸುಳಿವು. ಅದು ಅಲ್ಲಿ ಮೊಟ್ಟೆಯಿಡುವುದಿಲ್ಲ.

ತಿದ್ದುಗಾರ:
ಒಂದು ಸಣ್ಣ ತಿದ್ದುಪಡಿ. ಸಸ್ತನಿಗಳ ವಿಷಯದಲ್ಲಿ ರುಚಿಯ ನರಕೋಶ ಅಣುವನ್ನು ಹಿಡಿಯುತ್ತದೆ ಎನ್ನುವುದು ಸರಿಯಲ್ಲ. ರುಚಿಮೊಗ್ಗಿನ ಗ್ರಾಹಕ ಕೋಶಗಳು ನರಕೋಶಗಳಲ್ಲ. ಅವು ಹೊರಪದರದ ಕೋಶಗಳು, ಕೆಲವು ದಿನ ಅಥವಾ ವಾರಗಳಲ್ಲಿ ಸತ್ತು ಹೊಸದಾಗಿ ಹುಟ್ಟುವಂಥವು. ಸಿಹಿ, ಕಹಿ, ಉಮಾಮಿ (ಮಾಂಸದ ಸಾರಿನಂತಹ ರುಚಿ) ಕೋಶಗಳು ಎಟಿಪಿ ಎಂಬ ಅಣುವನ್ನು ಹೊರಬಿಟ್ಟು ಪಕ್ಕದ ನರತಂತುವಿಗೆ ಸುದ್ದಿ ಮುಟ್ಟಿಸುತ್ತವೆ. ಮೂಗಿನಲ್ಲಿರುವವು ಮಾತ್ರ ನಿಜವಾದ ನರಕೋಶಗಳು. ನೊಣದಲ್ಲಿ ರುಚಿಗೂ ನಿಜವಾದ ನರಕೋಶಗಳೇ ಇವೆ, ಅದೂ ಕಾಲುಗಳಲ್ಲಿ. ಹಸಿದ ನೊಣದ ಕಾಲಿಗೆ ಸಕ್ಕರೆಯ ದ್ರಾವಣ ತಗುಲಿದರೆ ಸಾಕು, ಅದರ ಸೊಂಡಿಲು ಚಾಚಿಕೊಳ್ಳುತ್ತದೆ.

ಕುತೂಹಲಿ:
ಮೂವರಿಗೂ ಧನ್ಯವಾದಗಳು. ಆದರೆ ಸಂಪರ್ಕಗಳು ಇಷ್ಟು ನಿಗದಿಯಾಗಿದ್ದರೆ, ಒಂದೇ ಪದಾರ್ಥ ಒಮ್ಮೆ ಬೇಕೆನಿಸಿ ಇನ್ನೊಮ್ಮೆ ಬೇಡವೆನಿಸುವುದು ಹೇಗೆ?

ಹುಳುಪ್ರಿಯ:
ಪ್ರಮಾಣ, ಹಸಿವು, ಅನುಭವ ಈ ಮೂರೂ ಅದನ್ನು ಬದಲಿಸುತ್ತವೆ. ಸ್ವಲ್ಪ ಉಪ್ಪು ಇಲಿಯನ್ನು ಸೆಳೆಯುತ್ತದೆ. ಅತಿಯಾದ ಉಪ್ಪು ಕಹಿ ಮತ್ತು ಹುಳಿಯ ಕೋಶಗಳನ್ನೂ ಎಬ್ಬಿಸುವುದರಿಂದ ಅದೇ ಇಲಿ ಹಿಂಜರಿಯುತ್ತದೆ. ಹಸಿದ ಹಣ್ಣುನೊಣದಲ್ಲಿ ಡೋಪಮಿನ್ ಎಂಬ ನರರಾಸಾಯನಿಕದ ಪ್ರಭಾವದಿಂದ ಸಿಹಿಯ ನರಕೋಶಗಳ ಸಂಕೇತ ಹೆಚ್ಚುತ್ತದೆ, ಕಹಿಯ ಸಂವೇದನೆ ತಗ್ಗುತ್ತದೆ; ಹೊಟ್ಟೆ ತುಂಬಿದಾಗ ಮುಟ್ಟದಿದ್ದುದನ್ನು ಆಗ ಅದು ತಿನ್ನುತ್ತದೆ. ಇನ್ನು 302 ನರಕೋಶಗಳ ನಮ್ಮ ಹುಳುವೂ ಕಲಿಯುತ್ತದೆ: ರೋಗಕಾರಕ ಬ್ಯಾಕ್ಟೀರಿಯಾವನ್ನು ತಿಂದು ಅಸ್ವಸ್ಥವಾದ ಮೇಲೆ ಅದರ ವಾಸನೆಯನ್ನು ಅದು ತಪ್ಪಿಸತೊಡಗುತ್ತದೆ, ಮತ್ತು ಆ ಕಲಿಕೆಗೆ ಸೆರೊಟೋನಿನ್ ಎಂಬ ಇನ್ನೊಂದು ನರರಾಸಾಯನಿಕ ಬೇಕು.